ಗೋಡೆಗೆ ಹಾಕಿದ ಆಂಕರ್ ಎಷ್ಟು ಹಿಡಿಯುತ್ತದೆ? ಸೈಟ್‌ನಲ್ಲೇ ಎಳೆದು ನೋಡುವ ಸಮಗ್ರ ಮಾರ್ಗದರ್ಶಿ

ಆಂಕರ್ ಅಂದರೆ ಗೋಡೆಗೆ ತೂತು ಹಾಕಿ ಕೂರಿಸುವ ಬೋಲ್ಟ್ ಅಥವಾ ಪ್ಲಗ್. ಅದರ ಡಬ್ಬದ ಮೇಲೆ ಬರೆದ ಲೋಡ್ ನಿಮ್ಮ ಗೋಡೆ ತಾಳುವ ಲೋಡ್ ಅಲ್ಲ. ಅಂಗಡಿಯವರು ತೋರಿಸುವ ಚಾರ್ಟ್‌ನ ಅಂಕಿ ಹೆಚ್ಚಿನ ಸಲ ಕಾಂಕ್ರೀಟ್‌ಗೆ ಕೊಟ್ಟಿದ್ದು. ನಮ್ಮ ಕಟ್ಟಡಗಳಲ್ಲಿ ಕಾಂಕ್ರೀಟ್ ಇರುವುದು ಪಿಲ್ಲರ್, ಬೀಮ್, ಸ್ಲ್ಯಾಬ್‌ನಲ್ಲಿ. ನಡುವಿನ ಗೋಡೆ ಇಟ್ಟಿಗೆಯದ್ದೋ ಬ್ಲಾಕಿನದ್ದೋ ಕೆಂಪು ಕಲ್ಲಿನದ್ದೋ ಆಗಿರುತ್ತದೆ. ಎಸಿ ಔಟ್‌ಡೋರ್ ಯೂನಿಟ್, ಗೀಸರ್, ಕಿಟಕಿ ಗ್ರಿಲ್, ಬಾಗಿಲ ಮುಂದಿನ ಶೀಟ್, ಅಂಗಡಿ ಬೋರ್ಡ್ ಎಲ್ಲವೂ ನೇತಾಡುವುದು ಈ ನಡುವಿನ ಗೋಡೆಗೇ ಅಲ್ವಾ? ಅಲ್ಲಿ ಅದೇ ಆಂಕರ್ ಒಂದು ಕಡೆ 700 ಕೆ.ಜಿ. ತಾಳಬಹುದು, ಎರಡು ಅಡಿ ಆಚೆ ಅದರ ಅರ್ಧಕ್ಕೂ ಕಡಿಮೆ ಎಳೆತಕ್ಕೆ ಇಟ್ಟಿಗೆ ಸಮೇತ ಕಿತ್ತು ಬರಬಹುದು.

ಬಲ ಇರುವುದು ಬೋಲ್ಟ್‌ನಲ್ಲಿ ಅಲ್ಲ, ಗೋಡೆಯಲ್ಲಿ. ಆದ್ದರಿಂದ ಅದೇ ಗೋಡೆಯಲ್ಲಿ, ಅದೇ ಆಂಕರ್ ಹಾಕಿ, ಎಳೆದು ನೋಡಬೇಕು. ಸೈಟ್ ಸೂಪರ್‌ವೈಸರ್‌ಗಳು, ಫ್ಯಾಬ್ರಿಕೇಶನ್ ಕೆಲಸದವರು, ಹೊಸದಾಗಿ ಸೇರಿದ ಸಿವಿಲ್ ಎಂಜಿನಿಯರ್‌ಗಳು, ಅಪಾರ್ಟ್‌ಮೆಂಟ್ ಸಂಘದಲ್ಲಿ ಈ ಕೆಲಸ ನೋಡಿಕೊಳ್ಳುವವರು ಇವರೆಲ್ಲರಿಗಾಗಿ ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಬರೆದಿದ್ದೇನೆ. ಉದಾಹರಣೆಗೆ ಎಸಿ ಔಟ್‌ಡೋರ್ ಯೂನಿಟ್ ಕೂರಿಸುವ ಬ್ರಾಕೆಟ್ ತೆಗೆದುಕೊಂಡಿದ್ದೇನೆ. ಬಾಲ್ಕನಿ ರೇಲಿಂಗ್, ದೊಡ್ಡ ಛಾವಣಿ, ಕಲ್ಲಿನ ಕ್ಲ್ಯಾಡಿಂಗ್ ಇಂಥ ಕೆಲಸಗಳಿಗೆ ಟೆಸ್ಟ್ ಮಾಡುವ ರೀತಿ ಇದೇ ಆದರೂ ಲೋಡ್ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲೇ ಮಾಡಿಸಿ.

ಟೆಸ್ಟ್ ಎರಡು ಬಗೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ

ಮೊದಲನೆಯದು, ಗೋಡೆ ಎಷ್ಟು ತಾಳುತ್ತದೆ ಅಂತ ಗೊತ್ತಿಲ್ಲದಾಗ ಮಾಡುವ ಟೆಸ್ಟ್. ಕೆಲಸ ಶುರುವಾಗುವ ಮೊದಲೇ ಇದು ಮುಗಿಯಬೇಕು. ಇದಕ್ಕೆಂದೇ ಬೇರೆ ಆಂಕರ್ ಹಾಕಿ ಸೋಲುವವರೆಗೆ ಎಳೆಯುತ್ತೀರಿ. ಆ ಆಂಕರ್‌ಗಳನ್ನಾಗಲಿ ಆ ತೂತುಗಳನ್ನಾಗಲಿ ಮತ್ತೆ ಬಳಸುವಂತಿಲ್ಲ.

ಎರಡನೆಯದು ಪ್ರೂಫ್ ಟೆಸ್ಟ್. ಕೆಲಸ ಮುಗಿದ ಮೇಲೆ ಹಾಕಿರುವ ಆಂಕರ್‌ಗಳಲ್ಲಿ ಕೆಲವನ್ನು ಆರಿಸಿ, ಬರಬೇಕಾದ ಲೋಡ್‌ಗಿಂತ ಸ್ವಲ್ಪ ಜಾಸ್ತಿ ಎಳೆದು ನೋಡುವುದು. ಇದು ಹೇಳುವುದು ಒಂದೇ ವಿಷಯ: ಹಾಕಿದವರು ಸರಿಯಾಗಿ ಹಾಕಿದ್ದಾರೋ ಇಲ್ಲವೋ. ಗೋಡೆಯ ಪೂರ್ತಿ ಶಕ್ತಿ ಎಷ್ಟು ಅಂತ ಇದರಿಂದ ಗೊತ್ತಾಗುವುದಿಲ್ಲ. ಬರೀ ಪ್ರೂಫ್ ಟೆಸ್ಟ್ ಮಾಡಿ ‘ಪಾಸ್ ಆಯ್ತು’ ಅಂತ ಸಹಿ ಹಾಕಿದ ಕಾಗದ ಸೈಟ್‌ಗಳಲ್ಲಿ ತುಂಬ ಸಿಗುತ್ತದೆ. ಗೋಡೆಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ಆ ಕಾಗದದಿಂದ ಅರ್ಧ ಉತ್ತರ ಮಾತ್ರ ಸಿಕ್ಕಂತೆ.

ಬ್ರಾಕೆಟ್ ಮೇಲೆ ಎರಡು ಸಿಮೆಂಟ್ ಮೂಟೆ ಇಟ್ಟು ನೋಡುವ ರೂಢಿಯೂ ಇದೆ. ಮೂಟೆಗೆ 50 ಕೆ.ಜಿ. ಎಂದರೆ 100 ಕೆ.ಜಿ. ಆಯಿತು, ಬೀಳಲಿಲ್ಲ, ಸರಿ. ಆದರೆ ಪ್ರತಿ ಆಂಕರ್ ಮೇಲೆ ಎಷ್ಟು ಎಳೆತ ಬಂತು, ಸೋಲಲು ಇನ್ನೆಷ್ಟು ಬಾಕಿ ಇತ್ತು ಎನ್ನುವುದು ಅದರಿಂದ ತಿಳಿಯುವುದಿಲ್ಲ. ಕಿತ್ತು ಬಂದರೆ ಮೂಟೆ ಕೆಳಗಿದ್ದವರ ತಲೆ ಮೇಲೆ ಬೀಳುತ್ತದೆ. ದಯವಿಟ್ಟು ಬೇಡ.

ಗೋಡೆ ಯಾವುದು ಅಂತ ಮೊದಲು ತಿಳಿದುಕೊಳ್ಳಿ

ಪ್ಲಾಸ್ಟರಿಂಗ್, ಪೇಂಟ್ ಆದ ಮೇಲೆ ಎಲ್ಲ ಗೋಡೆಯೂ ಒಂದೇ ಥರ ಕಾಣುತ್ತದೆ. 6 ಮಿ.ಮೀ. ಬಿಟ್‌ನಲ್ಲಿ ಒಂದು ಸಣ್ಣ ತೂತು ಹಾಕಿ, ಬೀಳುವ ಪುಡಿ ನೋಡಿ. ಮೊದಲು ಬರುವುದು ಪ್ಲಾಸ್ಟರ್‌ನ ಬೂದು ಪುಡಿ, ಸಾಮಾನ್ಯವಾಗಿ 12ರಿಂದ 20 ಮಿ.ಮೀ. ಆಳದವರೆಗೆ. ಆಮೇಲೆ ಕೆಂಪಾದರೆ ಇಟ್ಟಿಗೆ. ಬೂದು ಬಣ್ಣವೇ ಮುಂದುವರಿದು ಬಿಟ್ ಕಷ್ಟಪಟ್ಟು ಒಳಗೆ ಹೋದರೆ ಸಾಲಿಡ್ ಬ್ಲಾಕ್. ಬಿಳಿ ಹಿಟ್ಟಿನಂಥ ಪುಡಿ ಬಂದು ಬಿಟ್ ಸಲೀಸಾಗಿ ಇಳಿದರೆ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್. 30 ಮಿ.ಮೀ. ಆಸುಪಾಸು ಹೋದ ಕೂಡಲೇ ಬಿಟ್ ದಡಕ್ಕನೆ ಒಳಗೆ ನುಗ್ಗಿದರೆ ಹಾಲೋ ಬ್ಲಾಕ್. ಪುಡಿ ಕೆಂಪಗಿದ್ದು, ನುಗ್ಗಿ ನಿಂತು ನುಗ್ಗಿ ನಿಂತು ಹೋದರೆ ಅದು ತೂತುಗಳಿರುವ ಜೇಡಿಮಣ್ಣಿನ ಹಾಲೋ ಬ್ಲಾಕ್ ಇರಬಹುದು.

ಪುಡಿ ನೋಡಿದರೆ ಅರ್ಧ ತಿಳಿಯಿತು, ಗೋಡೆ ಕಟ್ಟಿದ ರೀತಿಯನ್ನೂ ತಿಳಿಯಬೇಕು. ಒಂದು ಕಡೆ ಒಂದಡಿ ಚೌಕದಷ್ಟು ಪ್ಲಾಸ್ಟರ್ ಕೆತ್ತಿ ನೋಡಲು ಒಪ್ಪಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹಳೆ ಮನೆಗಳಲ್ಲಿ ಇಟ್ಟಿಗೆ ಗಟ್ಟಿ ಇದ್ದು ಸಂದಿನಲ್ಲಿ ಬರೀ ಮಣ್ಣಿರುತ್ತದೆ. ಅಲ್ಲಿ ಆಂಕರ್ ಇಟ್ಟಿಗೆಯಿಂದ ಕಿತ್ತು ಬರುವುದಿಲ್ಲ, ಇಟ್ಟಿಗೆಯೇ ಗೋಡೆಯಿಂದ ಕಿತ್ತು ಬರುತ್ತದೆ. ಕೈಯಲ್ಲಿ ಅಚ್ಚು ಹಾಕಿದ ಇಟ್ಟಿಗೆಯ ಮೇಲ್ಭಾಗದಲ್ಲಿ ಗುಂಡಿ ಇರುತ್ತದಲ್ಲ, ಕಟ್ಟುವಾಗ ಅದರಲ್ಲಿ ಗಾರೆ ತುಂಬಿದೆಯೋ ಇಲ್ಲವೋ ಎನ್ನುವುದರಿಂದಲೂ ಹಿಡಿತ ಬದಲಾಗುತ್ತದೆ. ಭಾರತೀಯ ಮಾನಕ ಐಎಸ್ 1077ರಲ್ಲಿ ಇಟ್ಟಿಗೆಯ ದರ್ಜೆ 3.5ರಿಂದ 35ರವರೆಗೆ ಇದೆ. ಅಂದರೆ ಪ್ರತಿ ಚದರ ಮಿ.ಮೀ.ಗೆ 3.5 ನ್ಯೂಟನ್ ಒತ್ತಡ ತಾಳುವುದೂ ಇಟ್ಟಿಗೆಯೇ, ಅದರ 10 ಪಟ್ಟು ತಾಳುವುದೂ ಇಟ್ಟಿಗೆಯೇ. ಬರೀ ‘ಇಟ್ಟಿಗೆ ಗೋಡೆ’ ಅಂದರೆ ಏನೂ ಹೇಳಿದಂತಾಗುವುದಿಲ್ಲ.

ಕರಾವಳಿಯ ಕೆಂಪು ಕಲ್ಲಿನ ಗೋಡೆಯದು ಬೇರೆಯೇ ಕಥೆ. ಮುರಕಲ್ಲು, ಚಿರೇಕಲ್ಲು ಅಂತ ಊರಿಗೊಂದು ಹೆಸರಿರುವ ಈ ಕಲ್ಲಿನ ಒಳಗೆ ಸಹಜವಾಗಿಯೇ ಸಣ್ಣ ದೊಡ್ಡ ಪೊಳ್ಳುಗಳಿರುತ್ತವೆ. ಒಂದೇ ಕಲ್ಲಿನ ಈ ತುದಿ ಗಟ್ಟಿ, ಆ ತುದಿ ಮೆತ್ತಗೆ. ಅಲ್ಲಿ ರೀಡಿಂಗ್‌ಗಳು ಒಂದಕ್ಕೊಂದು ತುಂಬ ದೂರ ಇರುತ್ತವೆ ಅಂತ ಮೊದಲೇ ಲೆಕ್ಕ ಹಾಕಿಕೊಂಡು ಜಾಸ್ತಿ ಆಂಕರ್ ಹಾಕಿ ಟೆಸ್ಟ್ ಮಾಡಿ.

ಗೋಡೆಯ ದಪ್ಪವನ್ನೂ ಅಳೆಯಿರಿ. ನಾಲ್ಕು ಇಂಚಿನ ಗೋಡೆಗೆ ಉದ್ದನೆ ಆಂಕರ್ ಹಾಕಲು ಹೋದರೆ ಹಿಂದಿನ ಮುಖ ಸಿಡಿಯುತ್ತದೆ. ಅಂಥ ಕಡೆ ಆರಪಾರ ಬೋಲ್ಟ್ ಹಾಕಿ ಒಳಗಡೆ ದೊಡ್ಡ ಪ್ಲೇಟ್ ಕೊಡುವುದೇ ವಾಸಿ. ಆಗಲೂ ಆ ಗೋಡೆಯೇ ಅಷ್ಟು ಭಾರ ಹೊರುತ್ತದೆಯೇ ಅಂತ ಎಂಜಿನಿಯರ್ ನೋಡಬೇಕು.

ಆಂಕರ್ ಮೇಲೆ ಎಷ್ಟು ಎಳೆತ ಬರುತ್ತದೆ?

ಇದನ್ನು ಬಿಟ್ಟು ನೇರ ಟೆಸ್ಟರ್ ಹಿಡಿಯುವವರೇ ಜಾಸ್ತಿ. ಬರುವ ಲೋಡ್ ಗೊತ್ತಿಲ್ಲದಿದ್ದರೆ ಟೆಸ್ಟ್‌ನ ಉತ್ತರ ಬಂದ ಮೇಲೆ ಅದನ್ನು ಯಾವುದಕ್ಕೆ ಹೋಲಿಸುತ್ತೀರಿ?

ಎಸಿ ಔಟ್‌ಡೋರ್ ಯೂನಿಟ್ 40 ಕೆ.ಜಿ. ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 0.4 ಕಿಲೋನ್ಯೂಟನ್. (1 ಕಿಲೋನ್ಯೂಟನ್ ಎಂದರೆ ಸರಿಸುಮಾರು 102 ಕೆ.ಜಿ. ತೂಕ.) ಎರಡು ಎಲ್ ಬ್ರಾಕೆಟ್, ಒಂದೊಂದಕ್ಕೂ ಮೇಲೊಂದು ಕೆಳಗೊಂದು ಆಂಕರ್. ಯೂನಿಟ್‌ನ ಭಾರದ ಮಧ್ಯಭಾಗ ಗೋಡೆಯಿಂದ 300 ಮಿ.ಮೀ. ದೂರ. ಒಂದು ಬ್ರಾಕೆಟ್‌ನ ಪಾಲು 0.2 ಕಿಲೋನ್ಯೂಟನ್. ಅದನ್ನು 0.3 ಮೀಟರ್‌ನಿಂದ ಗುಣಿಸಿದರೆ 0.06 ಕಿಲೋನ್ಯೂಟನ್-ಮೀಟರ್ ತಿರುಚು ಬಲ. ಮೇಲಿನ ಆಂಕರ್‌ಗೂ ಬ್ರಾಕೆಟ್‌ನ ಕೆಳತುದಿಗೂ 350 ಮಿ.ಮೀ. ಅಂತರ ಇದ್ದರೆ ಮೇಲಿನ ಆಂಕರ್‌ಗೆ ಬರುವ ಎಳೆತ 0.17 ಕಿಲೋನ್ಯೂಟನ್. ಬರೀ 17 ಕೆ.ಜಿ., ಏನೂ ಇಲ್ಲ ಅನ್ನಿಸುತ್ತದೆ.

ಆದರೆ ಸರ್ವಿಸ್‌ಗೆ ಬಂದ ಹುಡುಗ ಆ ಬ್ರಾಕೆಟ್ ಮೇಲೆ ಕಾಲಿಟ್ಟೇ ಇಡುತ್ತಾನೆ. ಇಡಬಾರದು, ಸರಿ. ಆದರೂ ಇಡುತ್ತಾರೆ, ಮತ್ತು ಆಗ ಕಿತ್ತು ಬಂದರೆ ಹೋಗುವುದು ಒಂದು ಜೀವ. ಆದ್ದರಿಂದ 80 ಕೆ.ಜಿ. ತೂಕದವರು ಒಂದೇ ಬ್ರಾಕೆಟ್ ಮೇಲೆ, ಗೋಡೆಯಿಂದ 400 ಮಿ.ಮೀ. ದೂರದಲ್ಲಿ ನಿಂತರೆ ಅಂತಲೇ ಲೆಕ್ಕ ಹಾಕಿ. 0.8 × 0.4 = 0.32. ಅದಕ್ಕೆ ಯೂನಿಟ್‌ನ 0.06 ಸೇರಿಸಿದರೆ 0.38. ಅದನ್ನು 0.35ರಿಂದ ಭಾಗಿಸಿದರೆ 1.09 ಕಿಲೋನ್ಯೂಟನ್. 17 ಕೆ.ಜಿ. ಇದ್ದದ್ದು 110 ಕೆ.ಜಿ. ದಾಟಿತು. ಈ 1.09 ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೋರ್ಡ್, ಶೀಟ್ ಛಾವಣಿಗಳಿಗೆ ಭಾರಕ್ಕಿಂತ ಗಾಳಿಯೇ ದೊಡ್ಡ ಲೋಡ್. ಐಎಸ್ 875ರ 3ನೇ ಭಾಗದ ಪ್ರಕಾರ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ಬೋರ್ಡ್‌ಗೆ ಮಂಗಳೂರಿನಲ್ಲಿ ಸುಮಾರು 40% ಹೆಚ್ಚು ಬಲ ಬರುತ್ತದೆ. ಬೆಂಗಳೂರಿನ ಡ್ರಾಯಿಂಗ್ ತಂದು ಅಲ್ಲಿ ಹಾಗೇ ಬಳಸಬೇಡಿ.

ಬೇಕಾದ ಸಾಮಾನು

ಮುಖ್ಯವಾದದ್ದು ಪುಲ್ ಟೆಸ್ಟರ್. ಕೈಯಲ್ಲಿ ಹಿಡಿಕೆ ತಿರುಗಿಸಿ ಹೈಡ್ರಾಲಿಕ್ ಒತ್ತಡದಿಂದ ಎಳೆಯುವ, ಗೇಜ್ ಇರುವ ಪುಟ್ಟ ಯಂತ್ರ. ಹೈಡ್ರಾಜಾಸ್, ಹಿಲ್ಟಿಯಂಥ ಕಂಪನಿಗಳದ್ದು ಸಿಗುತ್ತದೆ. ಕೊಳ್ಳುವುದು ದುಬಾರಿ. ಆಂಕರ್ ಮಾರುವ ದೊಡ್ಡ ಕಂಪನಿಗಳ ಸೈಟ್ ಎಂಜಿನಿಯರ್‌ಗಳನ್ನು ಕೇಳಿದರೆ ಟೆಸ್ಟರ್ ತಂದು ಎಳೆದು ತೋರಿಸುವುದುಂಟು, ಇಲ್ಲವಾದರೆ ಟೆಸ್ಟಿಂಗ್ ಲ್ಯಾಬ್‌ನವರನ್ನು ಕರೆಸಬಹುದು.

ನಡುವೆ ತೂತಿರುವ ಹೈಡ್ರಾಲಿಕ್ ಜ್ಯಾಕ್ ಮತ್ತು ಹ್ಯಾಂಡ್ ಪಂಪ್‌ನಿಂದಲೂ ಮಾಡಬಹುದು. ಆಗ ಗೇಜ್‌ನ ಬಾರ್ ಅಂಕಿಯನ್ನು ಜ್ಯಾಕ್‌ನ ಪಿಸ್ಟನ್ ವಿಸ್ತೀರ್ಣದಿಂದ ಗುಣಿಸಬೇಕು. 1 ಬಾರ್ ಎಂದರೆ ಚದರ ಮಿ.ಮೀ.ಗೆ 0.1 ನ್ಯೂಟನ್. ಪಿಸ್ಟನ್ 2000 ಚದರ ಮಿ.ಮೀ. ಇದ್ದರೆ 50 ಬಾರ್‌ಗೆ 10 ಕಿಲೋನ್ಯೂಟನ್ ಆಯಿತು. ಇಲ್ಲಿ ಒಂದು ತೊಡಕಿದೆ. ಇಟ್ಟಿಗೆ ಗೋಡೆಯಲ್ಲಿ ನಿಮಗೆ ಬೇಕಾದ್ದು 3–6 ಕಿಲೋನ್ಯೂಟನ್ ಆಸುಪಾಸಿನ ರೀಡಿಂಗ್, ಅಂದರೆ ಈ ಜ್ಯಾಕ್‌ನಲ್ಲಿ 15–30 ಬಾರ್. 700 ಬಾರ್‌ವರೆಗಿನ ಗೇಜ್ ಹಾಕಿದರೆ ಮುಳ್ಳು ಸೊನ್ನೆ ಹತ್ತಿರವೇ ಒದ್ದಾಡುತ್ತದೆ, ಓದಿದ ಅಂಕಿಗೆ ಅರ್ಥವಿರುವುದಿಲ್ಲ. ನಿಮ್ಮ ರೀಡಿಂಗ್ ಗೇಜ್‌ನ ನಡುಭಾಗದಲ್ಲಿ ಬರುವಂಥ ಗೇಜ್ ಹಾಕಿ. ಟೆಸ್ಟರ್ ಯಾವುದೇ ಇರಲಿ, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನ, ಒಂದು ವರ್ಷದೊಳಗಿನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಕೇಳಿ ನೋಡಿ.

ಇದರ ಜೊತೆಗೆ ಎಳೆಯುವಾಗ ಆಂಕರ್ ಎಷ್ಟು ಸರಿಯಿತು ಅಂತ ಅಳೆಯಲು 0.01 ಮಿ.ಮೀ. ಓದುವ ಡಯಲ್ ಗೇಜ್ ಮತ್ತು ಅದಕ್ಕೆ ಸ್ಟ್ಯಾಂಡ್, ಆಂಕರ್ ಅಳತೆಗೆ ಸರಿಯಾದ ಅಡಾಪ್ಟರ್‌ಗಳು, ಉದ್ದನೆ ಕಪ್ಲಿಂಗ್ ನಟ್, ಟೆಸ್ಟರ್ ಕಾಲಿನ ಕೆಳಗೆ ಇಡಲು ಉಕ್ಕಿನ ಪ್ಲೇಟ್‌ಗಳು, ಎರಡು ಗಟ್ಟಿ ಚಾನಲ್ ತುಂಡು, ಹಗ್ಗ, ಕನ್ನಡಕ, ಹೆಲ್ಮೆಟ್.

ಎಲ್ಲಿ ಹಾಕಬೇಕು

ಗಟ್ಟಿ ಜಾಗ ಹುಡುಕಿ ಟೆಸ್ಟ್ ಮಾಡುವುದು ನಮಗೆ ನಾವೇ ಮೋಸ ಮಾಡಿಕೊಂಡಂತೆ. ನಿಜವಾದ ಆಂಕರ್‌ಗಳು ಎಲ್ಲೆಲ್ಲಿ ಬರುತ್ತವೋ ಅಂಥ ಜಾಗಗಳಲ್ಲೇ ಹಾಕಿ: ಇಟ್ಟಿಗೆಯ ನಡುವೆ, ಅಡ್ಡ ಸಂದಿನಲ್ಲಿ, ನಿಂತ ಸಂದಿನಲ್ಲಿ, ಕಿಟಕಿ ಅಂಚಿನ ಹತ್ತಿರ. ಪ್ಲಾಸ್ಟರ್ ಆದ ಗೋಡೆಯಲ್ಲಿ ಸಂದು ಕಾಣುವುದಿಲ್ಲವಾದ್ದರಿಂದ ಕೆಲಸದವರು ಹಾಕುವ ಆಂಕರ್‌ಗಳಲ್ಲಿ ಕೆಲವು ಸಂದಿಗೆ ಬಿದ್ದೇ ಬೀಳುತ್ತವೆ. ನಿಂತ ಸಂದು ಎಲ್ಲಕ್ಕಿಂತ ಕೆಟ್ಟದ್ದು, ಎಷ್ಟೋ ಕಡೆ ಅದರಲ್ಲಿ ಗಾರೆಯೇ ಪೂರ್ತಿ ತುಂಬಿರುವುದಿಲ್ಲ.

ಎತ್ತರವನ್ನೂ ಗಮನಿಸಿ. ಕೆಳಗಿನ ವರಸೆಗಳ ಮೇಲೆ ಮೇಲಿನ ಗೋಡೆಯ ಭಾರ ಕೂತಿರುವುದರಿಂದ ಇಟ್ಟಿಗೆ ಸುಲಭಕ್ಕೆ ಅಲುಗುವುದಿಲ್ಲ. ಪ್ಯಾರಾಪೆಟ್‌ನಲ್ಲಿ, ಕಿಟಕಿಯ ಕೆಳಗಿನ ವರಸೆಯಲ್ಲಿ ಮೇಲೆ ಭಾರವೇ ಇಲ್ಲ. ನೆಲಮಹಡಿಯಲ್ಲಿ ಟೆಸ್ಟ್ ಮಾಡಿ ಆ ಅಂಕಿಯನ್ನು ಪ್ಯಾರಾಪೆಟ್‌ಗೆ ಬಳಸುವಂತಿಲ್ಲ. ಗೋಡೆ ಬದಲಾದರೆ, ಮಹಡಿಗೊಂದು ಕಾಲದಲ್ಲಿ ಕಟ್ಟಿದ್ದರೆ, ಒಂದೊಂದಕ್ಕೂ ಬೇರೆ ಟೆಸ್ಟ್.

ವೈರ್, ನೀರಿನ ಪೈಪ್ ಎಲ್ಲಿದೆ ಅಂತ ತಿಳಿದುಕೊಂಡೇ ಡ್ರಿಲ್ ಇಡಿ.

ಎಷ್ಟು ಆಂಕರ್? ನೈಲಾನ್ ಪ್ಲಗ್ ಮಾದರಿಯ ಆಂಕರ್‌ಗಳಿಗೆ ಯುರೋಪಿನ ಇಒಟಿಎ ಸಂಸ್ಥೆಯ ಟಿಆರ್ 051 ಎಂಬ ಮಾರ್ಗಸೂಚಿ ಕನಿಷ್ಠ 15 ಅನ್ನುತ್ತದೆ. ಜಾಸ್ತಿ ಅನ್ನಿಸಬಹುದು. ಆದರೆ ಇಟ್ಟಿಗೆ ಗೋಡೆಯ ಏರುಪೇರು ನೋಡಿದರೆ ಮೂರು ಎಳೆದು ಸರಾಸರಿ ತೆಗೆಯುವುದರಲ್ಲಿ ಏನೂ ಹುರುಳಿಲ್ಲ.

ತೂತು ಹಾಕುವುದು, ಆಂಕರ್ ಕೂರಿಸುವುದು

ಟೆಸ್ಟ್ ಆಂಕರ್ ಹಾಕುವವರು ಮುಂದೆ ಕೆಲಸ ಮಾಡುವವರೇ ಆಗಿರಲಿ, ಅದೇ ಡ್ರಿಲ್, ಅದೇ ಬಿಟ್, ಅದೇ ಬ್ರಾಂಡ್. ಕಂಪನಿಯವರು ಬಂದು ಜೋಪಾನವಾಗಿ ಹಾಕಿ ಎಳೆದು ತೋರಿಸಿ ಹೋದ ಅಂಕಿ, ಆಮೇಲೆ ಕೆಲಸದವರು ಅವಸರದಲ್ಲಿ ಹಾಕುವ ಆಂಕರ್‌ಗೆ ಹೊಂದುವುದಿಲ್ಲ.

ಆಳ ಅಳೆಯುವಾಗ ಪ್ಲಾಸ್ಟರ್ ಲೆಕ್ಕಕ್ಕೆ ಬರುವುದಿಲ್ಲ. 50 ಮಿ.ಮೀ. ಹಿಡಿತ ಬೇಕು, ಪ್ಲಾಸ್ಟರ್ 20 ಇದೆ ಎಂದರೆ ಆಂಕರ್ 70 ಮಿ.ಮೀ. ಒಳಗೆ ಹೋಗಬೇಕು. ತೂತು ಇನ್ನೂ ಸ್ವಲ್ಪ ಆಳ, ಯಾಕೆಂದರೆ ತಳದಲ್ಲಿ ಪುಡಿ ಕೂರುತ್ತದೆ. ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.

ಹಾಲೋ ಬ್ಲಾಕ್, ಎಎಸಿ, ತೂತಿನ ಜೇಡಿ ಬ್ಲಾಕ್‌ಗಳಲ್ಲಿ ಹ್ಯಾಮರ್ ಮೋಡ್ ಆಫ್ ಮಾಡಿ ಬರೀ ತಿರುಗಿಸಿ ಕೊರೆಯಿರಿ. ಹ್ಯಾಮರ್ ಹೊಡೆದರೆ ಹಾಲೋ ಬ್ಲಾಕಿನ ಒಳಗೋಡೆ ಹಿಂದೆ ಚೂರಾಗಿ ಹೋಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಇದೊಂದೇ ತಪ್ಪಿನಿಂದ ಹಿಡಿತ ತುಂಬ ಇಳಿಯುತ್ತದೆ.

ಲೋಹದ ಎಕ್ಸ್‌ಪ್ಯಾನ್ಶನ್ ಬೋಲ್ಟ್, ಅಂದರೆ ನಾವು ಸಾಮಾನ್ಯವಾಗಿ ಆಂಕರ್ ಫಾಸ್ನರ್ ಅನ್ನುವುದು, ಇಟ್ಟಿಗೆಯಲ್ಲಿ ನನಗೆ ಎಂದೂ ನೆಮ್ಮದಿ ಕೊಡದ ವಸ್ತು. ಅದು ಹಿಡಿಯುವುದೇ ಅಗಲವಾಗಿ ಒತ್ತುವುದರಿಂದ. ಕಾಂಕ್ರೀಟ್ ಆ ಒತ್ತಡ ತಾಳುತ್ತದೆ. ಮೆತ್ತನೆ ಇಟ್ಟಿಗೆ ಸೀಳುತ್ತದೆ, ಎಎಸಿ ಪುಡಿಯಾಗುತ್ತದೆ. ಸ್ಪ್ಯಾನರ್‌ನಲ್ಲಿ ಇನ್ನೊಂದು ಸುತ್ತು ಬಿಗಿ ಮಾಡಿದಾಗ ಸಡಿಲವಾದರೆ ಗೋಡೆ ಒಳಗೆ ಆಗಲೇ ಒಡೆದಿದೆ ಎಂದೇ ತಿಳಿಯಿರಿ. ಇಟ್ಟಿಗೆಗೆ ಉದ್ದನೆ ನೈಲಾನ್ ಫ್ರೇಮ್ ಆಂಕರ್ (ಇದೂ ನೈಲಾನ್ ಪ್ಲಗ್ ಮಾದರಿಯದ್ದೇ) ಅಥವಾ ತೂತಿಗೆ ಅಂಟು ತುಂಬಿ ರಾಡ್ ಕೂರಿಸುವ ಕೆಮಿಕಲ್ ಆಂಕರ್ ಉತ್ತಮ.

ಕೆಮಿಕಲ್ ಆಂಕರ್ ಆದರೆ ತೂತಿನ ಸ್ವಚ್ಛತೆಯೇ ಮುಕ್ಕಾಲು ಕೆಲಸ. ಪಂಪ್‌ನಿಂದ ಊದಿ, ಬ್ರಷ್‌ನಿಂದ ಉಜ್ಜಿ, ಮತ್ತೆ ಊದಿ. ಎಷ್ಟು ಸಲ ಎನ್ನುವುದು ಟ್ಯೂಬ್ ಜೊತೆ ಬಂದ ಕಾಗದದಲ್ಲಿರುತ್ತದೆ. ಪುಡಿ ಉಳಿದರೆ ಅಂಟು ಹಿಡಿಯುವುದು ಪುಡಿಯನ್ನು, ಗೋಡೆಯನ್ನಲ್ಲ. ಗನ್‌ನಿಂದ ಮೊದಲು ಬರುವ ಅಂಟನ್ನು ಬಣ್ಣ ಒಂದೇ ಸಮ ಆಗುವವರೆಗೆ ಹೊರಗೆ ಚೆಲ್ಲಿ. ತಳದಿಂದ ತುಂಬುತ್ತಾ ಹೊರಗೆ ಬನ್ನಿ. ಹಾಲೋ ಬ್ಲಾಕ್ ಮತ್ತು ಪೊಳ್ಳಿರುವ ಕೆಂಪು ಕಲ್ಲಿಗೆ ಜಾಲರಿ ಸ್ಲೀವ್ ಹಾಕಲೇಬೇಕು, ಇಲ್ಲದಿದ್ದರೆ ಅಂಟೆಲ್ಲ ಪೊಳ್ಳಿಗೆ ಇಳಿದು ಹೋಗುತ್ತದೆ. ಆಮೇಲೆ ಕಾಗದದಲ್ಲಿ ಹೇಳಿದಷ್ಟು ಹೊತ್ತು ಮುಟ್ಟದೆ ಬಿಡಿ. ಚಳಿಯಲ್ಲಿ ಜಾಸ್ತಿ ಹೊತ್ತು ಬೇಕು.

ಹೊಸ ಗೋಡೆಯಾದರೆ ಗಾರೆ 28 ದಿನ ಗಟ್ಟಿಯಾಗಲು ಬಿಟ್ಟು ಟೆಸ್ಟ್ ಮಾಡಿ. ಮಳೆಗೆ ನೆನೆದ ಎಎಸಿ ಒಣ ಎಎಸಿಗಿಂತ ಮೆತ್ತಗಿರುತ್ತದೆ ಎನ್ನುವುದೂ ನೆನಪಿರಲಿ. ಹೊರಗೋಡೆಗೆ ಬೇಸಿಗೆಯಲ್ಲಿ ಸಿಕ್ಕ ಅಂಕಿಯನ್ನು ಪೂರ್ತಿ ನಂಬಬೇಡಿ.

ಟೆಸ್ಟರ್ ಕಾಲು ಎಲ್ಲಿ ಊರುತ್ತದೆ?

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಟೆಸ್ಟರ್ ಆಂಕರನ್ನು ಹೊರಗೆ ಎಳೆಯುವಾಗ ತನ್ನ ಕಾಲುಗಳಿಂದ ಗೋಡೆಯನ್ನು ಅಷ್ಟೇ ಬಲದಿಂದ ಒಳಗೆ ಒತ್ತುತ್ತದೆ. ಕಾಲುಗಳು ಆಂಕರ್ ಪಕ್ಕದಲ್ಲೇ, ಅದೇ ಇಟ್ಟಿಗೆಯ ಮೇಲೆ ಊರಿದ್ದರೆ ಆ ಇಟ್ಟಿಗೆ ಹೊರಗೆ ಬರುವುದಾದರೂ ಹೇಗೆ? ನೀವೇ ಅದನ್ನು ಒತ್ತಿ ಹಿಡಿದಿದ್ದೀರಿ. ರೀಡಿಂಗ್ ಚೆನ್ನಾಗಿ ಬರುತ್ತದೆ, ಆದರೆ ನಿಜವಾದ ಬ್ರಾಕೆಟ್ ಎಳೆದಾಗ ಇಟ್ಟಿಗೆಯನ್ನು ಹಾಗೆ ಒತ್ತಿ ಹಿಡಿಯಲು ಯಾರೂ ಇರುವುದಿಲ್ಲ.

ನಿಯಮ ಹೀಗಿದೆ: ಕಾಲುಗಳು ಪಕ್ಕದ ಇಟ್ಟಿಗೆಗಳ ಮೇಲೆ ಇರಬೇಕು, ಅಥವಾ ಆಂಕರ್‌ನಿಂದ ಕನಿಷ್ಠ 150 ಮಿ.ಮೀ. ದೂರ ಇರಬೇಕು. ಸಣ್ಣ ಟೆಸ್ಟರ್‌ನ ಕಾಲುಗಳು ಇದಕ್ಕಿಂತ ಹತ್ತಿರ ಇರುವುದೇ ಜಾಸ್ತಿ. ಆಗ ಆಂಕರ್‌ನ ಎರಡೂ ಬದಿಗೆ ದೂರದಲ್ಲಿ ಪ್ಲೇಟ್ ಇಟ್ಟು, ಅವುಗಳ ಮೇಲೆ ಎರಡು ಚಾನಲ್ ಅಡ್ಡ ಹಾಕಿ, ಆ ಸೇತುವೆಯ ಮೇಲೆ ಟೆಸ್ಟರ್ ಕೂರಿಸಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಪ್ಲಾಸ್ಟರ್ ಪೊಳ್ಳಾಗಿದ್ದರೆ ಕಾಲಿನ ಕೆಳಗೆ ಅದು ಕುಸಿದು ಟೆಸ್ಟರ್ ವಾಲುತ್ತದೆ. ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಅಷ್ಟು ಕೆತ್ತಿಬಿಡಿ. ಎಳೆತ ಗೋಡೆಗೆ ನೇರ ಲಂಬವಾಗಿರಲಿ. ಓರೆಯಾದರೆ ರಾಡ್ ಬಗ್ಗುತ್ತದೆ, ರೀಡಿಂಗ್ ತಪ್ಪುತ್ತದೆ. ಡಯಲ್ ಗೇಜ್‌ನ ಸ್ಟ್ಯಾಂಡ್ ಟೆಸ್ಟರ್‌ಗಾಗಲಿ ಸೇತುವೆಗಾಗಲಿ ತಾಗಬಾರದು, ದೂರದ ಗೋಡೆಯ ಮೇಲೆ ಅಥವಾ ಬೇರೆ ಸ್ಟ್ಯಾಂಡ್ ಮೇಲೆ ಇರಬೇಕು.

ಟೆಸ್ಟರನ್ನು ಹಗ್ಗದಿಂದ ಸಾರವೆಗೆ ಕಟ್ಟಿ. ಆಂಕರ್ ಕಿತ್ತು ಬಂದ ಕ್ಷಣ ಅಷ್ಟು ಭಾರದ ಯಂತ್ರ ಕೆಳಗೆ ಬೀಳುತ್ತದೆ. ಎಳೆಯುವವರು ಪಕ್ಕಕ್ಕೆ ನಿಲ್ಲಲಿ, ಆಂಕರ್‌ನ ನೇರಕ್ಕೆ ಯಾರೂ ಬೇಡ. ಕೆಳಗೆ ಜನ ಓಡಾಡದಂತೆ ಟೇಪ್ ಕಟ್ಟಿ, ಒಬ್ಬರನ್ನು ನಿಲ್ಲಿಸಿ.

ಎಳೆಯುವುದು

ಮೊದಲು ಸಣ್ಣದಾಗಿ, 0.2 ಕಿಲೋನ್ಯೂಟನ್‌ನಷ್ಟು ಎಳೆದು ಸಡಿಲವೆಲ್ಲ ಹೋಗುವಂತೆ ಮಾಡಿ. ಆಗ ಡಯಲ್ ಗೇಜ್ ಸೊನ್ನೆಗೆ ಇಡಿ. ಆಮೇಲೆ ಹಿಡಿಕೆಯನ್ನು ನಿಧಾನವಾಗಿ, ಒಂದೇ ಸಮನೆ ತಿರುಗಿಸಿ. ಸೋಲುವ ಹೊತ್ತಿಗೆ ಕನಿಷ್ಠ ಒಂದು ನಿಮಿಷವಾದರೂ ಆಗಿರಬೇಕು. ಜೋರಾಗಿ ಎಳೆದರೆ ಅಂಕಿ ಸುಮ್ನೆ ಜಾಸ್ತಿ ತೋರಿಸುತ್ತದೆ.

ಒಬ್ಬರು ಎಳೆಯಲಿ, ಇನ್ನೊಬ್ಬರು ಬರೆಯಲಿ. ಪ್ರತಿ 0.5 ಕಿಲೋನ್ಯೂಟನ್‌ಗೆ ಡಯಲ್ ಎಷ್ಟು ಸರಿದಿದೆ ಅಂತ ಬರೆದುಕೊಳ್ಳಿ. ಎರಡು ಅಂಕಿ ಮುಖ್ಯ. ಒಂದು, ಆಂಕರ್ ಮೊದಲ ಸಲ ಜಾರಿದಾಗಿನ ಲೋಡ್. ಎರಡು, ಗೇಜ್ ಮುಟ್ಟಿದ ಅತಿ ಹೆಚ್ಚಿನ ಲೋಡ್. ಹಿಡಿಕೆ ತಿರುಗುತ್ತಲೇ ಇದೆ, ಮುಳ್ಳು ಮೇಲೇರುತ್ತಿಲ್ಲ ಎಂದರೆ ಆಂಕರ್ ಸೋತಿದೆ, ಅಲ್ಲಿಗೆ ನಿಲ್ಲಿಸಿ. ಕೆಲವು ಪ್ಲಗ್‌ಗಳು 2 ಕಿಲೋನ್ಯೂಟನ್‌ಗೇ ಜಾರಲು ಶುರುವಾಗಿ, ಒಂದು ಸೆಂಟಿಮೀಟರ್ ಹೊರಬಂದ ಮೇಲೆ 4ಕ್ಕೆ ಹೋಗಿ ನಿಲ್ಲುತ್ತವೆ. ಅಂಥದ್ದಕ್ಕೆ 4 ಅಂತ ಬರೆಯುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅಷ್ಟು ಹೊರಬಂದ ಆಂಕರ್‌ಗೆ ನೇತಾಡುವ ವಸ್ತು ಆಗಲೇ ವಾಲಿರುತ್ತದೆ. ಜಾರಿದಾಗಿನ 2 ಅನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೇಗೆ ಸೋತಿತು ಎನ್ನುವುದೂ ಲೋಡ್‌ನಷ್ಟೇ ಮುಖ್ಯ. ಪ್ಲಗ್ ಮಾತ್ರ ಜಾರಿ ಬಂದಿದ್ದರೆ ತೂತು ದೊಡ್ಡದಾಗಿತ್ತೋ ಬಿಟ್ ಅಳತೆ ತಪ್ಪಿತ್ತೋ ನೋಡಿ. ಬಟ್ಟಲಿನ ಆಕಾರದಲ್ಲಿ ಇಟ್ಟಿಗೆಯ ತುಂಡು ಎದ್ದು ಬಂದಿದ್ದರೆ ಇಟ್ಟಿಗೆಯ ಶಕ್ತಿ ಅಷ್ಟೇ, ಇನ್ನೂ ಆಳ ಹೋಗಿ ನೋಡಬಹುದು. ಇಡೀ ಇಟ್ಟಿಗೆ ಬಂದಿದ್ದರೆ ದೋಷ ಗಾರೆಯದ್ದು, ಆಂಕರ್ ಬದಲಿಸಿ ಪ್ರಯೋಜನವಿಲ್ಲ. ಕೆಮಿಕಲ್ ಆಂಕರ್‌ನ ಅಂಟು ನುಣ್ಣಗೆ, ಮೈಗೆ ಪುಡಿ ಮೆತ್ತಿಕೊಂಡು ಬಂದಿದ್ದರೆ ತೂತು ಸ್ವಚ್ಛ ಮಾಡಿಲ್ಲ. ಪ್ರತಿಯೊಂದರ ಫೋಟೊ ತೆಗೆಯಿರಿ.

15 ರೀಡಿಂಗ್ ಬಂದವು, ಈಗ?

10 ಮಿ.ಮೀ. ನೈಲಾನ್ ಫ್ರೇಮ್ ಆಂಕರ್, ಇಟ್ಟಿಗೆ ಗೋಡೆ, ಕಿಲೋನ್ಯೂಟನ್‌ನಲ್ಲಿ ಹೀಗೆ ಬಂದವು ಅಂತ ಊಹಿಸಿಕೊಳ್ಳಿ: 5.2, 6.1, 4.8, 3.9, 7.0, 5.5, 4.2, 6.4, 3.6, 5.9, 4.5, 6.8, 5.0, 2.9, 5.7.

ಸರಾಸರಿ 5.17. ‘ಒಂದೊಂದು 500 ಕೆ.ಜಿ. ತಾಳುತ್ತದೆ, ಎಸಿ ಏನು ಮಹಾ’ ಅಂತ ಇಲ್ಲಿಗೆ ನಿಲ್ಲಿಸುವವರಿದ್ದಾರೆ. ಆದರೆ ಬೀಳುವುದು ಸರಾಸರಿ ಆಂಕರ್ ಅಲ್ಲ, 2.9ಕ್ಕೆ ಸೋತ ಆಂಕರ್.

ಟಿಆರ್ 051ರ ದಾರಿ ಹೀಗಿದೆ. ಅತಿ ಕಡಿಮೆಯ ಐದನ್ನು ಆರಿಸಿ: 2.9, 3.6, 3.9, 4.2, 4.5. ಅವುಗಳ ಸರಾಸರಿ 3.82. ಅದರ ಅರ್ಧ 1.91. ಇದು ಈ ಗೋಡೆಯಲ್ಲಿ ಈ ಆಂಕರ್‌ನ ವಿಶಿಷ್ಟ ಶಕ್ತಿ, ಅಂದರೆ ಲೆಕ್ಕಕ್ಕೆ ಹಿಡಿಯಬೇಕಾದ ಶಕ್ತಿ. ಟೆಸ್ಟ್ ಎಷ್ಟೇ ಚೆನ್ನಾಗಿ ಬಂದರೂ ಕಂಪನಿಯ ಅನುಮೋದನಾ ಪತ್ರದಲ್ಲಿ ಅಂಥ ಗೋಡೆಗೆ ಕೊಟ್ಟ ಅಂಕಿಯನ್ನು ಇದು ದಾಟುವಂತಿಲ್ಲ. ಇದನ್ನು ಗೋಡೆಯ ಸುರಕ್ಷತೆಗಾಗಿ 2.5ರಿಂದ, ಲೋಡ್‌ನ ಸುರಕ್ಷತೆಗಾಗಿ 1.4ರಿಂದ ಭಾಗಿಸಿ. ಉಳಿಯುವುದು 0.55 ಕಿಲೋನ್ಯೂಟನ್. ಸುಮಾರು 55 ಕೆ.ಜಿ.!

ಸರಾಸರಿಯ ಹತ್ತನೇ ಒಂದು ಪಾಲಷ್ಟೇ ಸಿಕ್ಕಿತು. ಅತಿಯಾಯಿತು ಅನ್ನಿಸುತ್ತದೆ ಅಲ್ವಾ? ಆದರೆ ಟೆಸ್ಟ್ ನಡೆದದ್ದು ಒಂದು ನಿಮಿಷ, ಆಂಕರ್ ಇರಬೇಕಾದ್ದು ವರ್ಷಗಟ್ಟಲೆ. ನೈಲಾನ್ ನಿರಂತರ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ, ಬಿಸಿಲು ಮಳೆ ಇದೆ, ಕಂಪ್ರೆಸರ್‌ನ ಅದುರುವಿಕೆ ಇದೆ, ಹದಿನಾರನೇ ಆಂಕರ್ ಬರೀ ಪೊಳ್ಳು ಸಂದಿಗೆ ಬೀಳುವ ಸಾಧ್ಯತೆಯೂ ಇದೆ.

ಕೆಮಿಕಲ್ ಆಂಕರ್‌ಗೆ ಇದೇ ಸೂತ್ರ ಹಾಕಬೇಡಿ. ಅದಕ್ಕೆ ಇಒಟಿಎಯದ್ದೇ ಟಿಆರ್ 053 ಇದೆ, ಅಲ್ಲಿ ಲೆಕ್ಕದ ದಾರಿ ಬೇರೆ.

ಈಗ ನಮ್ಮ ಬ್ರಾಕೆಟ್‌ಗೆ ಬನ್ನಿ. ಮೇಲಿನ ಆಂಕರ್‌ಗೆ ಬರುವುದು 1.09, ಗೋಡೆ ಕೊಡುವುದು 0.55. ಆಗುವುದಿಲ್ಲ. ಇದೇ ಆಂಕರ್‌ನಲ್ಲಿ ಕೆಲಸ ಆಗಬೇಕೆಂದರೆ ಬ್ರಾಕೆಟ್ ಬದಲಿಸಬೇಕು. ಅಂತರ 350ರ ಬದಲು 500 ಮಿ.ಮೀ. ಮಾಡಿ, ಮೇಲೆ ಎರಡು ಕೆಳಗೆ ಎರಡು ಆಂಕರ್ ಕೊಡಿ. 0.38 ÷ 0.5 = 0.76. ಎರಡಕ್ಕೆ ಹಂಚಿದರೆ 0.38. ಇದರ ಜೊತೆ ಕೆಳಮುಖದ ಭಾರವೂ ಇದೆ: ಯೂನಿಟ್‌ನ ಪಾಲು 0.2, ಮನುಷ್ಯನದ್ದು 0.8, ಒಟ್ಟು 1.0, ನಾಲ್ಕು ಆಂಕರ್‌ಗೆ 0.25ರಂತೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 0.45. ಇದು 0.55ರೊಳಗಿದೆ. ಆದರೆ ಎರಡು ಆಂಕರ್‌ಗಳು ಒಂದೇ ಇಟ್ಟಿಗೆಗೆ ಬೀಳದಷ್ಟು, ಕಂಪನಿ ಹೇಳಿದ ಕನಿಷ್ಠ ಅಂತರದಷ್ಟು ದೂರ ಇರಬೇಕು. ಇಲ್ಲದಿದ್ದರೆ ಎರಡಿದ್ದೂ ಒಂದರ ಬಲವೇ. ಅಷ್ಟು ಜಾಗ ಇಲ್ಲವೆಂದರೆ ಕೆಮಿಕಲ್ ಆಂಕರ್ ಹಾಕಿ ಮತ್ತೆ ಟೆಸ್ಟ್ ಮಾಡಿ, ಅಥವಾ ಆರಪಾರ ಬೋಲ್ಟ್, ಅಥವಾ ಬೀಮ್ ಇರುವ ಎತ್ತರಕ್ಕೆ ಬ್ರಾಕೆಟ್ ಸರಿಸಿ.

ಕೆಲಸ ಮುಗಿದ ಮೇಲೆ ಪ್ರೂಫ್ ಟೆಸ್ಟ್

ಬ್ರಿಟನ್ನಿನ ಬಿಎಸ್ 8539 ಮಾನಕ ಇದಕ್ಕೆ ಸರಳ ಲೆಕ್ಕ ಕೊಡುತ್ತದೆ. 40 ಆಂಕರ್‌ಗೆ ಒಂದರಂತೆ ಆರಿಸಿದರೆ, ಬರುವ ಲೋಡ್‌ನ 1.5 ಪಟ್ಟು ಎಳೆಯಬೇಕು. 20ಕ್ಕೆ ಒಂದರಂತೆ ಆರಿಸಿದರೆ 1.25 ಪಟ್ಟು ಸಾಕು. ಕೆಲಸದ ಯಾವುದೇ ಒಂದು ಭಾಗದಲ್ಲೂ ಕನಿಷ್ಠ ಮೂರನ್ನು ಎಳೆಯಬೇಕು. ನಮ್ಮ ಬ್ರಾಕೆಟ್‌ಗೆ 0.38 × 1.5 = 0.57 ಕಿಲೋನ್ಯೂಟನ್. 200 ಆಂಕರ್ ಇದ್ದರೆ ಐದು ಎಳೆದರಾಯಿತು.

ಯಾವುದನ್ನು ಎಳೆಯಬೇಕು ಅಂತ ಆರಿಸುವುದು ಹಾಕಿದವರ ಕೈಯಲ್ಲಿರಬಾರದು. ಮೊದಲ ದಿನ ಹಾಕಿದ್ದು, ಕೊನೆಯ ದಿನ ಅವಸರದಲ್ಲಿ ಹಾಕಿದ್ದು, ಕೈಗೆಟಕದ ಮೂಲೆಯದ್ದು ಎಲ್ಲವೂ ಬರಲಿ. ಬ್ರಾಕೆಟ್ ಬಿಚ್ಚಿ ಆಂಕರನ್ನು ನೇರ ಎಳೆಯಿರಿ. ನಟ್ ಬಿಗಿಯಾಗಿರುವಾಗ ಬ್ರಾಕೆಟ್ ಸಮೇತ ಎಳೆದರೆ, ಆ ಬಿಗಿತ ಮುಗಿಯುವವರೆಗೆ ಆಂಕರ್‌ಗೆ ಹೊಸ ಎಳೆತ ತಲುಪುವುದೇ ಇಲ್ಲ. ಲೋಡ್ ಮುಟ್ಟಿದ ಮೇಲೆ ಒಂದು ನಿಮಿಷ ಹಿಡಿದು ನಿಲ್ಲಿಸಿ. ಮುಳ್ಳು ಇಳಿಯಬಾರದು, ಆಂಕರ್ ಅಲುಗಬಾರದು, ಸುತ್ತ ಕೂದಲೆಳೆ ಬಿರುಕೂ ಕಾಣಬಾರದು. ‘ಇನ್ನೂ ಸ್ವಲ್ಪ ನೋಡೋಣ’ ಅಂತ ಜಾಸ್ತಿ ಎಳೆಯಬೇಡಿ, ಒಳ್ಳೆಯ ಆಂಕರನ್ನೇ ಹಾಳು ಮಾಡಿದಂತಾಗುತ್ತದೆ.

ಒಂದು ಸೋತರೆ ಕಾರಣ ಹುಡುಕಿ, ಆ ಭಾಗದಲ್ಲಿ ಟೆಸ್ಟ್ ಸಂಖ್ಯೆ ದುಪ್ಪಟ್ಟು ಮಾಡಿ. ಒಂದಕ್ಕಿಂತ ಜಾಸ್ತಿ ಸೋತರೆ ಆ ಭಾಗದ ಎಲ್ಲವನ್ನೂ ಎಳೆದು ನೋಡಿ. ಸೋತದ್ದರ ಪಕ್ಕ ಇನ್ನೊಂದು ಹಾಕಿ ಸುಮ್ಮನಾಗುವುದು ಬೇಡ.

ಬರೆದಿಡಿ, ತೂತು ಮುಚ್ಚಿ

ವರದಿಯಲ್ಲಿ ಇರಬೇಕಾದ್ದು: ದಿನಾಂಕ, ಗೋಡೆಯ ಬಗೆ ಮತ್ತು ದಪ್ಪ, ಪ್ಲಾಸ್ಟರ್ ದಪ್ಪ, ಆಂಕರ್‌ನ ಕಂಪನಿ ಮತ್ತು ಅಳತೆ, ಬಿಟ್ ಅಳತೆ, ಆಳ, ಕೊರೆದ ರೀತಿ, ಟೆಸ್ಟರ್ ನಂಬರ್ ಮತ್ತು ಕ್ಯಾಲಿಬ್ರೇಶನ್ ದಿನಾಂಕ, ಕಾಲುಗಳ ಅಂತರ, ಪ್ರತಿ ಆಂಕರ್‌ನ ಜಾಗ, ಜಾರಿದ ಲೋಡ್, ಅತಿ ಹೆಚ್ಚಿನ ಲೋಡ್, ಸೋತ ರೀತಿ, ಎಳೆದವರ ಮತ್ತು ನೋಡಿದವರ ಸಹಿ. ಗೋಡೆಯ ಒಂದು ಚಿತ್ರ ಬರೆದು ಆಂಕರ್ ನಂಬರ್ ಗುರುತಿಸಿ. ಕಾಲುಗಳ ಅಂತರ ಬರೆಯದ ವರದಿ ಯಾರಾದರೂ ಕೊಟ್ಟರೆ ಅದನ್ನು ಕೇಳಿ ಬರೆಸಿಕೊಳ್ಳಿ.

ಕಿತ್ತು ಬಂದ ಜಾಗದಲ್ಲಿ ಸಡಿಲ ಚೂರುಗಳನ್ನು ತೆಗೆದು, ಒದ್ದೆ ಮಾಡಿ, ಕುಗ್ಗದ ಗಾರೆ ತುಂಬಿ. ಇಟ್ಟಿಗೆ ಅಲುಗಿದ್ದರೆ ಅದನ್ನು ತೆಗೆದು ಹೊಸದು ಕೂರಿಸಿ. ಹೊರಗೋಡೆಯಾದರೆ ಅದೇ ದಿನ ಮುಚ್ಚಿ, ಮಳೆನೀರು ಒಳಗಿಳಿದರೆ ಕೋಣೆಯ ಗೋಡೆ ಒದ್ದೆಯಾಗುತ್ತದೆ. ಮುಚ್ಚಿದ ಜಾಗಗಳನ್ನು ಆ ಚಿತ್ರದಲ್ಲೇ ಬೇರೆ ಬಣ್ಣದಲ್ಲಿ ಗುರುತು ಮಾಡಿ, ಮುಂದೆ ಬ್ರಾಕೆಟ್ ಹಾಕುವವರು ಅದೇ ತೇಪೆಗೆ ಡ್ರಿಲ್ ಇಡಬಾರದು.